ಹಗಲುಗನಸಿಗೊಂದು ಬಾಗಿಲು

ನಮ್ಮ ಕಡೆ ಹೆಣ್ಣುಮಕ್ಕಳು ದಿನಕ್ಕೊಮ್ಮೆಯಾದರೂ ಕೇಳಲೇಬೇಕಾದ ಬೈಗುಳ ಒಂದಿದೆ: 'ಖಬರ್ ಎಲ್ಲಿ ಅದ ನಿಂದು?' ರೊಟ್ಟಿ ಹೊತ್ತಿದರೆ, ಹಾಲು ಉಕ್ಕಿದರೆ, ಕರೆದಾಗ ಓಗೊಡುವುದು ಒಂದು ಕ್ಷಣ ತಡವಾದರೆ ಈ ಮಾತು ಬಿದ್ದೇ ಬೀಳುತ್ತದೆ. ಗಂಡಸು ಕಿಟಕಿಯಾಚೆ ನೋಡುತ್ತ ಕುಳಿತರೆ ಆತ ಏನೋ ಯೋಚನೆಯಲ್ಲಿದ್ದಾನೆ ಎಂದು ಮನೆಯವರೆಲ್ಲ ಮೆಲ್ಲಗೆ ಓಡಾಡುತ್ತಾರೆ. ಹೆಂಗಸು ಹಾಗೆ ಕುಳಿತರೆ ಅದು ಹಗಲುಗನಸು, ಕೆಲಸಗೇಡಿತನ. ಅವಳ ಮನಸ್ಸು ಆ ಹೊತ್ತಿನಲ್ಲಿ ಎಲ್ಲಿಗೆ ಹೋಗಿತ್ತು, ಯಾಕೆ ಹೋಗಿತ್ತು ಎಂದು ಕೇಳುವ ವ್ಯವಧಾನ ಯಾರಿಗೂ ಇರುವುದಿಲ್ಲ.

ನಮ್ಮ ಸಿನಿಮಾ ಒಮ್ಮೊಮ್ಮೆ ಈ ಪ್ರಶ್ನೆಯನ್ನು ಕೇಳಿದೆ. ಕನ್ನಡ ಚಿತ್ರಗಳಲ್ಲಿ ಕನಸಿನ ದೃಶ್ಯಗಳಿಗೇನೂ ಬರವಿಲ್ಲ. ನಾಯಕ ನಾಯಕಿಯರು ಕಣ್ಣು ಮುಚ್ಚಿದರೆ ಸಾಕು, ಹೂದೋಟವೋ ಹಿಮದ ಬೆಟ್ಟವೋ ಬಂದುಬಿಡುತ್ತದೆ. ನಾನು ಹೇಳಹೊರಟಿರುವುದು ಅಂಥ ಕನಸುಗಳ ಮಾತಲ್ಲ. ಏಟು ತಿಂದ ಮನಸ್ಸು ಬದುಕಿ ಉಳಿಯುವುದಕ್ಕಾಗಿ ತನ್ನೊಳಗೇ ಕಟ್ಟಿಕೊಳ್ಳುವ ಇನ್ನೊಂದು ಲೋಕದ ಮಾತು. ಅದು ಔಷಧವೋ ರೋಗವೋ? ಮೂರು ಚಿತ್ರಗಳನ್ನು ಮುಂದಿಟ್ಟುಕೊಂಡು ಇದನ್ನು ವಿಚಾರ ಮಾಡಿ ನೋಡೋಣ ಅನ್ನಿಸಿದೆ.

ಮೊದಲನೆಯದು 'ಶರಪಂಜರ'. ತ್ರಿವೇಣಿಯವರ ಕಾದಂಬರಿಯನ್ನು ಪುಟ್ಟಣ್ಣ ಕಣಗಾಲ್ ತೆರೆಗೆ ತಂದರು. ಕಾವೇರಿಯಾಗಿ ನಟಿಸಿದ ಕಲ್ಪನಾ ಅವರನ್ನು ಮರೆತವರು ನಮ್ಮ ತಲೆಮಾರಿನಲ್ಲಿ ಯಾರೂ ಇರಲಿಕ್ಕಿಲ್ಲ. ಹೆರಿಗೆಯಾದ ಮೇಲೆ ಕಾವೇರಿಯ ಮನಸ್ಸು ಕದಡುತ್ತದೆ. ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆದು, ವಾಸಿಯಾಗಿ, ಆಸೆಯಿಂದ ಮನೆಗೆ ಬರುತ್ತಾಳೆ. ವಾಸಿಯಾಗದೆ ಉಳಿದದ್ದು ಸುತ್ತಲಿನವರ ಕಣ್ಣು. ಅವಳು ನಕ್ಕರೂ ಅನುಮಾನ, ಅತ್ತರೂ ಅನುಮಾನ. ಒಂದು ಗಳಿಗೆ ಸುಮ್ಮನೆ ಕುಳಿತರೆ 'ಮತ್ತೆ ಶುರುವಾಯಿತು' ಎಂಬ ಪಿಸುಮಾತು. ಕಡೆಗೆ ಗಂಡನ ಮನಸ್ಸೂ ಬೇರೆಡೆ ತಿರುಗಿದೆ ಎಂದು ತಿಳಿದಾಗ ಅವಳು ಮರಳಿ ಆಸ್ಪತ್ರೆಯ ದಾರಿ ಹಿಡಿಯಬೇಕಾಗುತ್ತದೆ.

ಈ ಚಿತ್ರವನ್ನು ಎಲ್ಲರೂ ಹುಚ್ಚಿನ ಕಥೆ ಎನ್ನುತ್ತಾರೆ. ಕನಸು ಕಾಣುವ ಹಕ್ಕನ್ನು ಕಳೆದುಕೊಂಡವಳ ಕಥೆಯಾಗಿಯೂ ಅದನ್ನು ನೋಡಬಹುದು ಎಂಬುದು ನನ್ನ ಅನಿಸಿಕೆ. ನಾವು ನೀವೆಲ್ಲ ಮನಸ್ಸಿನಲ್ಲಿ ಎಷ್ಟು ದೂರ ಅಲೆದಾಡಿ ಬಂದರೂ ನಡೆಯುತ್ತದೆ, ನಮ್ಮನ್ನು ಯಾರೂ ಕಾವಲು ಕಾಯುತ್ತಿಲ್ಲ. ಕಾವೇರಿಗೆ ಆ ಸ್ವಾತಂತ್ರ್ಯವಿಲ್ಲ. ಒಮ್ಮೆ ಕಾಯಿಲೆ ಬಿದ್ದವಳಾದ್ದರಿಂದ ಅವಳು ಇಪ್ಪತ್ನಾಲ್ಕು ಗಂಟೆಯೂ ಎಚ್ಚರವಾಗಿದ್ದು, ತಾನು ನೆಟ್ಟಗಿದ್ದೇನೆಂದು ರುಜುವಾತು ಮಾಡುತ್ತಲೇ ಇರಬೇಕು. ದಣಿದ ಮನಸ್ಸು ಸ್ವಲ್ಪ ಹೊತ್ತು ಒರಗುವ ಒಳಕೋಣೆಯೇ ಅವಳ ಪಾಲಿಗೆ ಮುಚ್ಚಿಹೋಗಿದೆ. ಶರಪಂಜರವೆಂದರೆ ಅದೇ ಅಲ್ಲವೇ? ಮನಶ್ಶಾಸ್ತ್ರ ಓದಿದ್ದ ತ್ರಿವೇಣಿ 1963ರಲ್ಲಿ, ಇನ್ನೂ ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡರು. ಬಾಣಂತಿಯ ಮನಸ್ಸೂ ಒಂದು ಅಂಗ, ಅದಕ್ಕೂ ಕಾಯಿಲೆ ಬರುತ್ತದೆ, ವಾಸಿಯೂ ಆಗುತ್ತದೆ ಎಂದು ಅವರು ಅಷ್ಟು ಹಿಂದೆಯೇ ನಮ್ಮ ಅಡಿಗೆಮನೆಗಳಿಗೆ ತಿಳಿಯುವ ಭಾಷೆಯಲ್ಲಿ ಬರೆದಿಟ್ಟು ಹೋದರು.

ಎರಡನೆಯ ಚಿತ್ರಕ್ಕೆ ಹೋಗುವ ಮೊದಲು ನಮ್ಮ ಮನೆಯ ಒಂದು ಸಂಗತಿ ಹೇಳಬೇಕು. ಬಸವಕಲ್ಯಾಣದ ನನ್ನ ತವರಿನಲ್ಲಿ ದೊಡ್ಡಪ್ಪನ ಸೊಸೆಯೊಬ್ಬರಿದ್ದಾರೆ. ನಾವೆಲ್ಲ ವೈನಿ ಎಂದು ಕರೆಯುತ್ತೇವೆ. ಗಡಿಯ ಆಚೆಯಿಂದ, ಉಮರ್ಗಾ ಕಡೆಯ ಒಂದು ಹಳ್ಳಿಯಿಂದ ಮದುವೆಯಾಗಿ ಬಂದವರು. ನಮ್ಮಲ್ಲಿ ಈ ಗಡಿ ಎನ್ನುವುದು ನಕಾಶೆಯಲ್ಲಿ ಮಾತ್ರ, ಬೀಗತನಕ್ಕೆ ಅದು ಅಡ್ಡ ಬಂದದ್ದಿಲ್ಲ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ, ಗಣಪತಿ ಕಳಿಸಿ ಜನ ಮಲಗಿದ್ದ ಹೊತ್ತಿನಲ್ಲಿ, ಕಿಲ್ಲಾರಿಯ ಭೂಕಂಪವಾಯಿತು. ಹುಮನಾಬಾದಿನಲ್ಲಿ ನಮ್ಮ ಮನೆಯ ನಿಲುವಿನ ಮೇಲಿನ ಪಾತ್ರೆಗಳು ಒಂದಕ್ಕೊಂದು ಬಡಿದುಕೊಂಡವು, ನಾವು ಮಕ್ಕಳನ್ನೆತ್ತಿಕೊಂಡು ಬೀದಿಗೆ ಓಡಿದೆವು. ಅದರಾಚೆ ನಮಗೇನೂ ಆಗಲಿಲ್ಲ. ವೈನಿಯ ತವರಿನಲ್ಲಿ ಕಲ್ಲು ಮಣ್ಣಿನ ದಪ್ಪ ಗೋಡೆ, ಮೇಲೆ ಮಣ್ಣಿನ ಭಾರದ ಮಾಳಿಗೆ. ಬೇಸಿಗೆಯಲ್ಲಿ ತಣ್ಣಗಿರುತ್ತದೆಂದು ಹೆಮ್ಮೆಯಿಂದ ಕಟ್ಟಿದ್ದ ಆ ಮನೆಗಳೇ ಮಲಗಿದ್ದವರ ಮೇಲೆ ಕುಸಿದವು. ಅವರ ತಾಯಿ, ಅಣ್ಣ, ಅಣ್ಣನ ಇಬ್ಬರು ಮಕ್ಕಳು ಉಳಿಯಲಿಲ್ಲ.

ಮುಂದೆ ಕೆಲವು ತಿಂಗಳ ಮೇಲೆ ವೈನಿ ಒಂದು ರೂಢಿ ಹಚ್ಚಿಕೊಂಡರು. ರೊಟ್ಟಿ ಬಡಿಯುತ್ತ ತವರುಮನೆಯನ್ನು ಮತ್ತೆ ಕಟ್ಟುವುದು. 'ಈ ಸಲ ಪಡಸಾಲಿಗಿ ಎರಡು ಬಾಗಲಾ ಇಡಸ್ತೀನಿ. ಅವ್ವ ಮಲಗೋ ಕಡಿ ಮ್ಯಾಲ ಮಣ್ಣು ಬ್ಯಾಡ, ತಗಡು ಹಾಕಸ್ತೀನಿ' ಎಂದು ಒಬ್ಬರೇ ಹೇಳಿಕೊಳ್ಳುತ್ತಿದ್ದರು. ಒಂದು ದಿನ ಕಿಟಕಿ ಎಲ್ಲಿರಬೇಕು ಎಂದು ಎದುರಿಗೆ ಕುಳಿತ ನನ್ನನ್ನೇ ಕೇಳಿದರು. ಎಳ್ಳಮಾವಾಸ್ಯೆಗೆ ಭಜ್ಜಿ ಮಾಡಿದಾಗ ಅವ್ವನ ಪಾಲು ಎಂದು ಒಂದು ಬಟ್ಟಲು ಎತ್ತಿಟ್ಟರು. ಮನೆಯಲ್ಲಿ ಗುಸುಗುಸು ಎದ್ದಿತು. ತಾಯತ ಕಟ್ಟಿಸಬೇಕು ಎಂದರು ಒಬ್ಬರು. ಆ ಮಾತೆತ್ತಿದಾಗಲೆಲ್ಲ ಗದರಿಸಿ ಬಿಡಿಸಬೇಕು ಎಂದರು ಇನ್ನೊಬ್ಬರು. ನಮ್ಮ ದೊಡ್ಡಮ್ಮ ಮಾತ್ರ, 'ಹೊಟ್ಟ್ಯಾಗಿಂದು ಬಾಯಿಗಿ ಬರಲಿ ಬಿಡ್ರಿ. ಆಕಿ ಯಾಳೆಕ್ಕ ರೊಟ್ಟಿ ಮಾಡ್ತಾಳ, ಮಕ್ಕಳಿಗಿ ಉಣಸ್ತಾಳ. ಮನಿ ಕಟ್ಟಿದ್ರ ನಿಮ್ಮ ಗಂಟೇನು ಹೋಗ್ತದ?' ಎಂದು ಎಲ್ಲರ ಬಾಯಿ ಮುಚ್ಚಿಸಿದರು. ಓದು ಬರಹ ಬಾರದ ದೊಡ್ಡಮ್ಮ ಅಂದು ಹೇಳಿದ್ದು ಒಂದು ಒಳ್ಳೆಯ ವಿಮರ್ಶಾಸೂತ್ರ. ಅದರ ಮಾತು ಆಮೇಲೆ ಬರುತ್ತದೆ.

ಟಿ. ಎಸ್. ನಾಗಾಭರಣರ 'ನಾಗಮಂಡಲ' 1997ರಲ್ಲಿ ಬಂತು. ಗಿರೀಶ ಕಾರ್ನಾಡರ ನಾಟಕವೇ ಅದಕ್ಕೆ ಆಧಾರ. ಎ. ಕೆ. ರಾಮಾನುಜನ್ ಅವರಿಂದ ಕೇಳಿದ ಕರ್ನಾಟಕದ ಎರಡು ಜನಪದ ಕಥೆಗಳು ಆ ನಾಟಕದ ಬೇರು. ಮದುವೆಯಾಗಿ ಬಂದ ರಾಣಿಯನ್ನು ಅಪ್ಪಣ್ಣ ಮನೆಯೊಳಗಿಟ್ಟು ಹೊರಗಿನಿಂದ ಬೀಗ ಹಾಕುತ್ತಾನೆ. ಮಧ್ಯಾಹ್ನ ಬರುತ್ತಾನೆ, ಉಣ್ಣುತ್ತಾನೆ, ಮತ್ತೆ ಬೀಗ ಹಾಕಿ ಸೂಳೆಯ ಮನೆಗೆ ಹೋಗುತ್ತಾನೆ. ಬೇರು ಕಲೆಸಿದ ಸಾರನ್ನು ಹೆದರಿ ಹುತ್ತಕ್ಕೆ ಸುರಿದಾಗ ಒಳಗಿನ ನಾಗ ಅವಳಿಗೆ ಮನಸೋಲುತ್ತಾನೆ, ರಾತ್ರಿ ಗಂಡನ ರೂಪದಲ್ಲಿ ಬರತೊಡಗುತ್ತಾನೆ. ರಾಣಿಯಾಗಿ ವಿಜಯಲಕ್ಷ್ಮಿ, ಎರಡೂ ರೂಪಗಳಲ್ಲಿ ಪ್ರಕಾಶ್ ರೈ. ಸಿ. ಅಶ್ವಥ್ ಸಂಗೀತದ ಹಾಡುಗಳನ್ನು ಜನ ಇಂದಿಗೂ ಗುನುಗುತ್ತಾರೆ. ಅದರಲ್ಲೂ ಕಂಬದ ಮೇಲಿನ ಗೊಂಬೆಯನ್ನು ರಾಣಿ ಮಾತಾಡಿಸುವ ಹಾಡು. ಮನೆಯಲ್ಲಿ ಕೇಳುವ ಕಿವಿಯೊಂದೂ ಇಲ್ಲದಾಗ ಹೆಣ್ಣು ಗೊಂಬೆಗೂ ಕಿವಿ ಕೊಡುತ್ತಾಳೆ.

ಈ ಕಥೆಯನ್ನು ನಾಗನ ಪ್ರೇಮಕಥೆ ಎಂದು ಮೆಚ್ಚಿಕೊಳ್ಳುವವರೇ ಹೆಚ್ಚು. ನಾಟಕವನ್ನು ಓದಿದರೆ ಇನ್ನೊಂದು ಸೂಕ್ಷ್ಮ ಕಾಣಿಸುತ್ತದೆ. ನಾಗ ಬರುವುದಕ್ಕೆ ಮೊದಲೇ, ಬೀಗದ ಮನೆಯಲ್ಲಿ ಒಂಟಿಯಾಗಿ ಮಲಗಿದ ರಾಣಿ ಕನವರಿಸುತ್ತಾಳೆ. ದೊಡ್ಡ ಹದ್ದೊಂದು ಬಂದು ಅವಳನ್ನು ಏಳು ಸಮುದ್ರಗಳಾಚೆ ಎತ್ತಿಕೊಂಡು ಹೋಗುತ್ತದೆ. ಅಲ್ಲಿ ಮರದ ಕೆಳಗೆ ಕಾಯುತ್ತಿರುವವರು ಅವಳ ತಂದೆ ತಾಯಿ. ಗಮನಿಸಿ, ರಾಜಕುಮಾರನಲ್ಲ. ಹೊಸದಾಗಿ ಗಂಡನ ಮನೆಗೆ ಬಂದು ಪೆಟ್ಟು ತಿಂದ ಹುಡುಗಿಯ ಮೊದಲ ಹಗಲುಗನಸು ಗಂಡಸಿನದಲ್ಲ, ತವರಿನದು. ಕಾರ್ನಾಡರು ಇದನ್ನು ನಮ್ಮ ಅಜ್ಜಿಯರ ಕಥೆಗಳಿಂದಲೇ ಕಲಿತಿರಬೇಕು. ನಾನು ಒಂದು ಬೇಸಿಗೆ ರಜೆಯಲ್ಲಿ ಈ ಭಾಗವನ್ನು ವೈನಿಗೆ ಓದಿ ಹೇಳಿದೆ. ಅವರು ಅವರೆಕಾಯಿ ಸುಲಿಯುವುದನ್ನು ನಿಲ್ಲಿಸಿ ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ, 'ಹೌದು ತಂಗಿ, ನನಗೂ ಹಂಗೇ ಆಗ್ತಿತ್ತು. ಅಲ್ಲಿ ತನಕ ಹೋಗ್ತಿದ್ದೆ. ಅವ್ವನ ಮುಖ ಕಾಣತಿತ್ತು. ಆಮ್ಯಾಲ ತವಿ ಮ್ಯಾಲಿಂದು ರೊಟ್ಟಿ ತಿರುವಿ ಹಾಕ್ಬೇಕಂತ ತಿರುಗಿ ಬರ್ತಿದ್ದೆ' ಎಂದರು.

ತಿರುಗಿ ಬರುತ್ತಿದ್ದೆ ಎಂಬ ಆ ಮಾತೇ ಎಲ್ಲದರ ಕೀಲಿ. ಗದರಿಸಿ ಬಿಡಿಸಬೇಕೆಂದವರಿಗೆ ಕನಸು ಕಾಣುವುದೇ ತಪ್ಪಾಗಿ ಕಂಡಿತ್ತು. ದೊಡ್ಡಮ್ಮ ನೋಡಿದ್ದು ಕನಸಿಗೆ ಬಾಗಿಲಿದೆಯೋ ಇಲ್ಲವೋ ಎಂಬುದನ್ನು. ಹೋದವಳು ಹಿಂದಿರುಗುತ್ತಾಳೆಯೇ? ಹಿಂದಿರುಗಿದಾಗ ಅವಳ ಮಾತನ್ನು ಕೇಳಲು ಒಬ್ಬರಾದರೂ ಕುಳಿತಿದ್ದಾರೆಯೇ? ಈ ಎರಡು ಪ್ರಶ್ನೆಗಳಿಗೆ ಹೌದು ಎಂಬ ಉತ್ತರವಿದ್ದರೆ ಹಗಲುಗನಸು ಮುಲಾಮು. ಇಲ್ಲವೆಂದಾದರೆ ಅದೂ ಅಪ್ಪಣ್ಣನ ಬೀಗದಂಥದೇ, ಒಳಗಿನಿಂದ ಹಾಕಿಕೊಂಡದ್ದು ಅಷ್ಟೆ.

ಈ ಮಾತನ್ನು ವೈದ್ಯರೂ ಬೇರೆ ರೀತಿಯಲ್ಲಿ ಹೇಳಿದ್ದಾರೆ. ಎಲಿ ಸೋಮರ್ ಎಂಬ ಇಸ್ರೇಲಿನ ಮನೋವಿಜ್ಞಾನಿ 2002ರಲ್ಲಿ ತಮ್ಮ ಬಳಿ ಬಂದ 6 ಮಂದಿಯ ಬಗ್ಗೆ ಬರೆದರು. ಹಿಂದೆ ದೊಡ್ಡ ಆಘಾತ ಅನುಭವಿಸಿದ ಅವರು ಗಂಟೆಗಟ್ಟಲೆ ಕಲ್ಪನೆಯಲ್ಲಿ ಮುಳುಗಿ, ಜನರ ಸಂಗವನ್ನೂ ಕೆಲಸವನ್ನೂ ಮರೆಯುತ್ತಿದ್ದರು. ನೋವಿನಿಂದ ಪಾರಾಗಲು ಕಟ್ಟಿಕೊಂಡ ಗೂಡು ಕಡೆಗೆ ಅವರನ್ನೇ ನುಂಗಿತ್ತು. 2013ರಲ್ಲಿ ಬಂದ ಪವನ್ ಕುಮಾರರ 'ಲೂಸಿಯಾ' ಚಿತ್ರದ ನಾಯಕನ ಪಾಡೂ ಇದೇ. ಟಾಕೀಸಿನಲ್ಲಿ ಟಾರ್ಚು ಹಿಡಿದು ಸೀಟು ತೋರಿಸುವ ಹುಡುಗ ನಿದ್ದೆ ಬರಲೆಂದು ಮಾತ್ರೆ ನುಂಗಿ, ತಾನು ದೊಡ್ಡ ನಟನಾದ ಕನಸು ಕಾಣುತ್ತಾನೆ ಎಂದು ನಾವು ನಂಬಿರುತ್ತೇವೆ. ಕೊನೆಗೆ ತಿಳಿಯುವುದು ತಿರುವುಮುರುವು. ದೊಡ್ಡ ನಟನೇ ನಿಜ, ಬಡ ಹುಡುಗನ ಬದುಕು ಅವನ ಕನಸು. ಹಣ, ಹೆಸರು ಎಲ್ಲ ಇದ್ದವನು ಕನಸಿನಲ್ಲಿ ಬಯಸಿದ್ದು ಒಂದು ಸಾದಾ ಬದುಕನ್ನು ಎಂಬುದು ಆ ಚಿತ್ರದ ಸೊಗಸು. ಅದರಿಂದ ಹಿಂದಿರುಗುವ ದಾರಿ ಅವನಿಗೆ ತಪ್ಪಿಹೋದದ್ದು ಅದರ ಭಯ.

ರಾಣಿಯ ಕಥೆಗೆ ಮತ್ತೆ ಬರೋಣ. ಬಸುರಿಯಾದವಳನ್ನು ಗಂಡ ಪಂಚರ ಮುಂದೆ ನಿಲ್ಲಿಸುತ್ತಾನೆ. ಅವಳು ಹುತ್ತಕ್ಕೆ ಕೈ ಹಾಕಿ, ಗಂಡನನ್ನೂ ಈ ನಾಗನನ್ನೂ ಬಿಟ್ಟು ಬೇರೆ ಯಾರನ್ನೂ ಮುಟ್ಟಿಲ್ಲವೆಂದು ಪ್ರಮಾಣ ಮಾಡುತ್ತಾಳೆ. ನಾಗ ಕಚ್ಚುವುದಿಲ್ಲ. ಕ್ಷಣದ ಹಿಂದೆ ಕಲ್ಲೆಸೆಯಲು ನಿಂತಿದ್ದ ಊರು ಅವಳನ್ನು ದೇವಿಯೆಂದು ಪೂಜಿಸುತ್ತದೆ. ಇಲ್ಲಿ ನನಗೊಂದು ತಕರಾರಿದೆ. ಕುಲಟೆಯಿಂದ ಒಂದೇ ನೆಗೆತಕ್ಕೆ ದೇವತೆ! ನಡುವೆ ಇರುವ ಸಾಮಾನ್ಯ ಹೆಣ್ಣನ್ನು, 'ನನಗೆ ಒಂಟಿತನವಾಗಿತ್ತು, ಹೆದರಿಕೆಯಾಗಿತ್ತು' ಎನ್ನುವವಳನ್ನು, ಊರು ಒಮ್ಮೆಯೂ ಕೂರಿಸಿಕೊಂಡು ಕೇಳುವುದಿಲ್ಲ. ಪೂಜೆಯೂ ಒಂದು ರೀತಿಯಲ್ಲಿ ಬಾಯಿ ಮುಚ್ಚಿಸುವುದೇ. ಕಾರ್ನಾಡರಿಗೆ ಇದು ಗೊತ್ತಿತ್ತು ಎಂದು ಕಾಣುತ್ತದೆ. ಅವರ ನಾಟಕಕ್ಕೆ ಒಂದಕ್ಕಿಂತ ಹೆಚ್ಚು ಮುಕ್ತಾಯಗಳಿವೆ. ಒಂದರಲ್ಲಿ ನಾಗ ಸತ್ತು ಅವಳ ಕೂದಲಿನಿಂದ ಉದುರುತ್ತಾನೆ. ರಾಣಿ ತನ್ನ ಮಗನಿಂದ ಅವನಿಗೆ ಸಂಸ್ಕಾರ ಮಾಡಿಸುತ್ತಾಳೆ. ಇನ್ನೊಂದರಲ್ಲಿ ಬದುಕಿದ ನಾಗನನ್ನು ಜಡೆಯೊಳಗೇ ಇರಗೊಡುತ್ತಾಳೆ. ಕನಸಿಗೆ ಗೌರವದಿಂದ ಮಣ್ಣು ಕೊಡುವುದು ಒಂದು ದಾರಿ, ಬಾಳಿನುದ್ದಕ್ಕೂ ಮುಡಿಯಲ್ಲಿ ಇಟ್ಟುಕೊಳ್ಳುವುದು ಇನ್ನೊಂದು. ಎರಡನ್ನೂ ನಾವು ನಮ್ಮ ಮನೆಗಳಲ್ಲಿ ಕಂಡಿದ್ದೇವೆ.

ಕಲ್ಯಾಣದ ನೆಲದಲ್ಲಿ ಹುಟ್ಟಿ ಅಕ್ಕನನ್ನು ನೆನೆಯದೆ ಈ ಮಾತು ಮುಗಿಸಲಾರೆ. ಅರಸನ ಮನೆಯನ್ನು ತೊರೆದು ಬಂದ ಅಕ್ಕಮಹಾದೇವಿ ಚೆನ್ನಮಲ್ಲಿಕಾರ್ಜುನನನ್ನೇ ಗಂಡನೆಂದಳು, ಅವನೊಡನೆ ನಡೆದ ಮದುವೆಯನ್ನು ಕನಸಿನಂತೆ ಹಾಡಿದಳು. ಇಂದಾಗಿದ್ದರೆ ಅವಳನ್ನೂ ತಾಯತದವನ ಬಳಿ ಕರೆದೊಯ್ಯುತ್ತಿದ್ದರೋ ಏನೋ. ನಮ್ಮೂರಿನ ಅನುಭವ ಮಂಟಪ ಹಾಗೆ ಮಾಡಲಿಲ್ಲ. ಶೂನ್ಯಸಂಪಾದನೆಯ ಪ್ರಕಾರ ಅಲ್ಲಮಪ್ರಭು ಅವಳನ್ನು ಪ್ರಶ್ನೆಗಳಿಂದ ಪರೀಕ್ಷಿಸಿದ, ಅವಳು ಪ್ರತಿಯೊಂದಕ್ಕೂ ಉತ್ತರ ಕೊಟ್ಟಳು. ಅವಳು ತನ್ನ ಕನಸನ್ನು ಹೇಳುವಾಗಲೂ ಅಕ್ಕಾ ಎಂದು ಇನ್ನೊಬ್ಬ ಹೆಣ್ಣನ್ನು ಕರೆದೇ ಹೇಳುತ್ತಾಳೆ. ಕೇಳುವ ಗೆಳತಿ ಇದ್ದಾಳೆ, ಪ್ರಶ್ನೆ ಕೇಳುವ ಹಿರಿಯರಿದ್ದಾರೆ. ಕಾವೇರಿಗೆ ಇಲ್ಲದ್ದು, ರಾಣಿಗೆ ಇಲ್ಲದ್ದು ಇವೇ ಎರಡು.

ಮೂರನೆಯ ಚಿತ್ರ ಗಿರೀಶ ಕಾಸರವಳ್ಳಿಯವರ 'ಗುಲಾಬಿ ಟಾಕೀಸ್'. ವೈದೇಹಿಯವರ ಕಥೆಯನ್ನು ಎತ್ತಿಕೊಂಡು, ಅದನ್ನು ಬಹಳಷ್ಟು ಬದಲಿಸಿ 2008ರಲ್ಲಿ ತೆರೆಗೆ ತಂದದ್ದು. ಸೂಲಗಿತ್ತಿ ಗುಲಾಬಿಯಾಗಿ ನಟಿಸಿದ ಉಮಾಶ್ರೀ ಅವರಿಗೆ ಶ್ರೇಷ್ಠ ನಟಿ ಎಂಬ ರಾಷ್ಟ್ರಪ್ರಶಸ್ತಿ ಬಂತು. ಕುಂದಾಪುರದ ಕಡೆಯ ಮೀನುಗಾರರ ನಡುವೆ ಒಂಟಿಯಾಗಿ ಬದುಕುವ ಮುಸ್ಲಿಂ ಹೆಂಗಸು ಗುಲಾಬಿ. ಮಕ್ಕಳಿಲ್ಲ. ಗಂಡ ಮೂಸಾ ಇನ್ನೊಂದು ಸಂಸಾರ ಹೂಡಿದ್ದಾನೆ. ಅವಳಿಗಿರುವುದು ಒಂದೇ ಹುಚ್ಚು, ಸಿನಿಮಾ. ಹೆರಿಗೆ ಮಾಡಿಸಿದ ಮನೆಯವರಿಂದ ಅವಳಿಗೆ ಡಿಶ್ ಆಂಟೆನಾ ಸಮೇತ ಬಣ್ಣದ ಟಿವಿ ಸಿಗುತ್ತದೆ.

ಇಲ್ಲಿಂದ ಚಿತ್ರ ಬಿಚ್ಚಿಕೊಳ್ಳುವ ಬಗೆ ನೋಡಿ. ಅವಳ ಮನೆಗೆ ಕಾಲಿಡಲು ಹಿಂದೆಮುಂದೆ ನೋಡುತ್ತಿದ್ದ ಹೆಂಗಸರು ಒಬ್ಬೊಬ್ಬರಾಗಿ ಬಂದು ಕೂರತೊಡಗುತ್ತಾರೆ. ಗಂಡ ದೂರವಿರುವ, ಅತ್ತೆಯ ಕಾಟ ತಿನ್ನುವ ನೇತ್ರು ಎಂಬ ಸೊಸೆಗೆ ಗುಲಾಬಿಯೇ ಆಪ್ತೆಯಾಗುತ್ತಾಳೆ. ನನಗೆ ಇದು ನಮ್ಮ ಟಾಕೀಸುಗಳ ಹೆಂಗಸರ ಕ್ಲಾಸನ್ನು ನೆನಪಿಗೆ ತಂದಿತು. ಹಿಂದೆ ಹುಮನಾಬಾದಿನಲ್ಲಿ ವೀರಭದ್ರೇಶ್ವರ ಜಾತ್ರೆಗೆ ಬಂದವರು ಮಕ್ಕಳು ಮರಿ ಕಟ್ಟಿಕೊಂಡು ಸಿನಿಮಾಕ್ಕೆ ನುಗ್ಗುತ್ತಿದ್ದರು. ಕತ್ತಲಲ್ಲಿ ಪಕ್ಕದವಳು ಯಾರು, ಯಾವ ಜಾತಿ ಎಂದು ಯಾರು ಕೇಳಿದ್ದರು? ತೆರೆಯ ಮೇಲಿನವಳು ಅತ್ತಾಗ ಎಲ್ಲರ ಸೆರಗೂ ಕಣ್ಣಿಗೆ ಹೋಗುತ್ತಿತ್ತು. ತನ್ನ ದುಃಖಕ್ಕೆ ಮನೆಯಲ್ಲಿ ಅಳಲಾಗದವಳು ಕಲ್ಪನಾಳ ದುಃಖದ ನೆಪದಲ್ಲಿ ಅತ್ತು ಹಗುರಾಗಿ ಬರುತ್ತಿದ್ದಳು. ಒಬ್ಬಳೇ ಕಾಣುವ ಹಗಲುಗನಸಿಗೂ ನೂರು ಹೆಂಗಸರು ಒಟ್ಟಿಗೆ ಕಾಣುವ ಸಿನಿಮಾಕ್ಕೂ ಇರುವ ವ್ಯತ್ಯಾಸ ಇದೇ. ಇಲ್ಲಿ ಕನಸಿನ ಜೊತೆಗೇ ನೆರೆಹೊರೆಯೂ ಸಿಗುತ್ತದೆ.

ಆದರೆ ಕಾಸರವಳ್ಳಿಯವರು ಸಿಹಿ ಹಂಚಿ ಕಳಿಸುವವರಲ್ಲ. ನೇತ್ರು ಒಂದು ದಿನ ಕಾಣೆಯಾಗುತ್ತಾಳೆ, ದೂರು ಗುಲಾಬಿಯ ಮೇಲೆ ಬರುತ್ತದೆ. ಅದೇ ಹೊತ್ತಿಗೆ 1999ರ ಕಾರ್ಗಿಲ್ ಯುದ್ಧ. ಮೀನಿನ ವ್ಯಾಪಾರದ ಪೈಪೋಟಿ ಕೋಮುದ್ವೇಷದ ಬಣ್ಣ ಪಡೆಯುತ್ತದೆ. ಗುಲಾಬಿಯನ್ನು ಬಲವಂತವಾಗಿ ದೋಣಿ ಹತ್ತಿಸಿ ಕಳಿಸಿಬಿಡುತ್ತಾರೆ. ಟಿವಿ ಮಾತ್ರ ಅವಳ ಮನೆಯಲ್ಲೇ ಉಳಿಯುತ್ತದೆ. ಕೊನೆಯಲ್ಲಿ, ಹಿಂದೆ ಅವಳ ಮನೆಗೆ ಬರಲೊಲ್ಲದ ಇಬ್ಬರು ಮುದುಕಿಯರು ಒಳಗೆ ಹೋಗಿ ಅದರ ಮುಂದೆ ಕೂರುತ್ತಾರೆ. ಕನಸಿನ ಪೆಟ್ಟಿಗೆ ಇದೆ, ಕನಸನ್ನು ಹಂಚಿದವಳು ಇಲ್ಲ. ಮೂರು ಚಿತ್ರಗಳಲ್ಲಿ ನನ್ನನ್ನು ಹೆಚ್ಚು ಕಲಕಿದ್ದು ಇದು. ಯಾಕೆಂದರೆ ಹಗಲುಗನಸಿನಿಂದ ಮನಸ್ಸು ಉಳಿಯಬಹುದು, ಮನೆ ಉಳಿಯುವುದಿಲ್ಲ ಎಂಬ ಸತ್ಯವನ್ನು ಇದು ಮುಚ್ಚಿಡುವುದಿಲ್ಲ. ಇಟಲಿಯ ರೋಬರ್ಟೊ ಬೆನಿನಿ 1997ರಲ್ಲಿ ಮಾಡಿದ 'ಲೈಫ್ ಈಸ್ ಬ್ಯೂಟಿಫುಲ್' ಚಿತ್ರದಲ್ಲಿಯೂ ಹೀಗೆಯೇ. ನಾಜಿಗಳ ಸೆರೆಶಿಬಿರದಲ್ಲಿ ತಂದೆಯೊಬ್ಬ ಪುಟ್ಟ ಮಗನಿಗೆ ಇದೆಲ್ಲ ಒಂದು ಆಟ, ಗೆದ್ದವರಿಗೆ ನಿಜವಾದ ಟ್ಯಾಂಕು ಬಹುಮಾನ ಎಂದು ನಂಬಿಸುತ್ತಾನೆ. ಆ ಕಲ್ಪನೆ ಮಗುವನ್ನು ಕಾಪಾಡುತ್ತದೆ, ತಂದೆಯನ್ನು ಕಾಪಾಡುವುದಿಲ್ಲ.

ಇದನ್ನೆಲ್ಲ ಬರೆಯುವಾಗ ನಮ್ಮ ಭಾಗದ ಕಥೆ ತೆರೆಯ ಮೇಲೆ ಎಲ್ಲಿದೆ ಎಂಬ ಪ್ರಶ್ನೆ ಕಾಡುತ್ತದೆ. 1948ರ ಮೇ ತಿಂಗಳಲ್ಲಿ ಬಸವಕಲ್ಯಾಣ ತಾಲೂಕಿನ ಗೋರ್ಟಾದಲ್ಲಿ ರಜಾಕಾರರು ನಡೆಸಿದ ಹತ್ಯಾಕಾಂಡಕ್ಕೆ ಸ್ಮಾರಕವಾದದ್ದು 2023ರಲ್ಲಿ. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಪೊಲೀಸ್ ಕಾರ್ಯಾಚರಣೆ ಮುಗಿದ ಮೇಲೆ ಬೀದರ, ಗುಲ್ಬರ್ಗಾ, ಉಸ್ಮಾನಾಬಾದ, ನಾಂದೇಡ ಜಿಲ್ಲೆಗಳಲ್ಲಿ ಮುಸ್ಲಿಂ ಕುಟುಂಬಗಳು ಅನುಭವಿಸಿದ್ದನ್ನು ಸುಂದರಲಾಲ್ ಸಮಿತಿಯ ವರದಿ ದಾಖಲಿಸಿತು, ಆ ವರದಿ ದಶಕಗಟ್ಟಲೆ ಜನರ ಕೈಗೆ ಸಿಗಲಿಲ್ಲ. ಎರಡೂ ಕಡೆಯ ಅಜ್ಜಿಯರು ನಮ್ಮ ಓಣಿಗಳಲ್ಲಿದ್ದರು. ಅವರು ನಡೆದದ್ದನ್ನು ನೇರವಾಗಿ ಹೇಳುತ್ತಿರಲಿಲ್ಲ. ರಾಕ್ಷಸ ಊರಿಗೆ ಬಂದ, ತಾಯಿ ಮಗುವನ್ನು ಜೋಳದ ಹಗೇವಿನಲ್ಲಿ ಅಡಗಿಸಿಟ್ಟಳು ಎಂದು ಕಥೆ ಮಾಡಿ ಹೇಳುತ್ತಿದ್ದರು. ಮಕ್ಕಳಾದ ನಮಗೆ ಅದು ಬರೀ ಕಥೆ, ಅವರಿಗೆ ಅದು ನೆನಪನ್ನು ಮುಟ್ಟಲು ಬೇಕಾದ ಅರಿವೆ. ಬಿಸಿ ಪಾತ್ರೆಯನ್ನು ಬರಿಗೈಯಲ್ಲಿ ಯಾರು ಇಳಿಸುತ್ತಾರೆ? ನಾನು ನೋಡಿದ ಚಿತ್ರಗಳಲ್ಲಿ ಈ ಅಜ್ಜಿಯರ ಕಥೆ ಎಲ್ಲಿಯೂ ಸಿಕ್ಕಿಲ್ಲ. ಕರಾವಳಿಯ ಗುಲಾಬಿಗೊಬ್ಬ ಕಾಸರವಳ್ಳಿ ಸಿಕ್ಕಂತೆ ನಮ್ಮ ಹಗೇವಿನ ತಾಯಿಗೂ ಯಾರಾದರೂ ಸಿಗಲಿ.

'ನಾಗಮಂಡಲ' ನಾಟಕದ ಆರಂಭದಲ್ಲೇ ಇದಕ್ಕೊಂದು ಎಚ್ಚರಿಕೆಯಿದೆ. ಒಬ್ಬ ಮುದುಕಿಗೆ ಒಂದು ಕಥೆ ಗೊತ್ತಿತ್ತು, ಆಕೆ ಅದನ್ನು ಯಾರಿಗೂ ಹೇಳಲಿಲ್ಲ. ಒಳಗೇ ಉಸಿರುಕಟ್ಟಿದ ಆ ಕಥೆ ಹೆಣ್ಣಿನ ರೂಪ ತಾಳಿ ಹೊರಗೆ ಬಂದಿತು, ಮುದುಕಿಯ ಮನೆಯಲ್ಲಿ ಜಗಳ ಹಚ್ಚಿತು. ಹೇಳದ ನೋವಿನ ಗುಣವೂ ಅದೇ. ಅದು ಮನೆಯೊಳಗೆ ಸುಮ್ಮನೆ ಕೂರುವುದಿಲ್ಲ.

ಆದ್ದರಿಂದ ನಿಮ್ಮ ಮನೆಯ ಸೊಸೆಯೋ ಮಗಳೋ ತಂಗಿಯೋ ಒಲೆಯ ಮುಂದೆ ಮೈಮರೆತು ಕುಳಿತಿದ್ದರೆ ಖಬರ್ ಎಲ್ಲಿದೆ ಎಂದು ಗದರಿಸಬೇಡಿ. ಪಕ್ಕದಲ್ಲಿ ಕುಳಿತು, ಎಲ್ಲಿಗೆ ಹೋಗಿದ್ದೆ, ಯಾರು ಸಿಕ್ಕಿದ್ದರು ಎಂದು ಕೇಳಿ. ಹೇಳಿದಳೋ, ಅರ್ಧ ಗೆದ್ದಂತೆ. ಊಟ ನಿದ್ದೆ ಬಿಟ್ಟು, ಮಕ್ಕಳ ಪರಿವೆ ತಪ್ಪಿ, ದಿನಗಟ್ಟಲೆ ಹಿಂದಿರುಗದೆ ಹೋದಳೋ, ಆಗ ತಾಯತಕ್ಕೆ ಓಡದೆ ವೈದ್ಯರಲ್ಲಿಗೆ ಕರೆದೊಯ್ಯಿರಿ. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ ಮಾನಸ್ ಎಂಬ ಸರಕಾರಿ ಸೇವೆಯಿದೆ. 14416ಕ್ಕೆ ಕರೆ ಮಾಡಿದರೆ ದುಡ್ಡಿಲ್ಲದೆ, ಕನ್ನಡದಲ್ಲೇ ಮಾತಾಡಬಹುದು. ಕಾವೇರಿಗೆ ಇದು ಇರಲಿಲ್ಲ.

ವೈನಿಗೆ ಈಗ ಅರವತ್ತು ದಾಟಿದೆ. ತವರಿನ ಊರನ್ನು ಬೇರೆ ಜಾಗದಲ್ಲಿ ಹೊಸದಾಗಿ ಕಟ್ಟಿ ಎಷ್ಟೋ ವರ್ಷವಾಯಿತು, ಅಲ್ಲಿ ಅವರದೆನ್ನುವ ಮನೆಯಿಲ್ಲ. ಕಟ್ಟುವುದನ್ನು ಅವರು ಪೂರ್ತಿ ಬಿಟ್ಟಿಲ್ಲ. ಮೊನ್ನೆ ಕೇಳಿದರೆ, 'ಮಾಳಗಿ ಮುಗೀತು ತಂಗಿ. ಈಗ ಅಂಗಳಕ್ಕ ಬೇವಿನ ಗಿಡ ಹಚ್ಚೀನಿ' ಎಂದು ನಕ್ಕರು. ನಕ್ಕು, ಮೊಮ್ಮಗಳ ಜಡೆ ಹೆಣೆಯಲು ಎದ್ದುಹೋದರು.